ಗಲ್ಲಾದ ಕಂಪ್ಯೂಟರಿನ ವೈಫೈ: ಮೂರು ಸೆಟ್ಟಿಂಗ್‌ಗಳು



ಮಧ್ಯಾಹ್ನದ ಊಟದ ಹೊತ್ತಿಗೇ ವೈಫೈ ಕಡಿದು, ಆರ್ಡರ್ ಚೀಟಿ ಅಡಿಗೆಮನೆ ತಲುಪದಿದ್ದರೆ ಗಿರಾಕಿ ಎದ್ದು ಹೋಗುತ್ತಾನೆ. ನಾವು ಇಂಟರ್‌ನೆಟ್ ಕೊಟ್ಟವರನ್ನು ಬೈಯುತ್ತೇವೆ. ಆದರೆ ಎಷ್ಟೋ ಸಲ ದೋಷ ಇರುವುದು ನಮ್ಮ ಕಂಪ್ಯೂಟರಿನ ವೈಫೈ ಅಡಾಪ್ಟರ್ ಸೆಟ್ಟಿಂಗಿನಲ್ಲಿ.

ವಿಂಡೋಸ್‌ನ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಕೆಳಗಿರುವ ವೈಫೈ ಅಡಾಪ್ಟರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ಗೆ ಹೋಗಿ.

1. 'ಪವರ್ ಮ್ಯಾನೇಜ್‌ಮೆಂಟ್': ವಿದ್ಯುತ್ ಉಳಿಸಲು ಅಡಾಪ್ಟರನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ.

2. 'ಅಡ್ವಾನ್ಸ್ಡ್' ಪುಟದ 'ಪ್ರಿಫರ್ಡ್ ಬ್ಯಾಂಡ್': 5 ಗಿಗಾಹರ್ಟ್ಸ್ ಆರಿಸಿ. ಮೈಕ್ರೋವೇವ್ ಓವನ್ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ, ಹಾಗಾಗಿ 2.4ರ ವೈಫೈಗೆ ಅದು ಅಡ್ಡಿ. ನಮ್ಮಲ್ಲಿ ತಿಂಡಿ ಬಿಸಿ ಮಾಡಿದಾಗಲೆಲ್ಲ ಬಿಲ್ಲು ನಿಲ್ಲುತ್ತಿದ್ದದ್ದು ಇದರಿಂದಲೇ. ರೌಟರಿಗೂ 5 ಗಿಗಾಹರ್ಟ್ಸ್ ಸೌಲಭ್ಯ ಬೇಕು. ಈ ಅಲೆಗಳು ಗೋಡೆ ದಾಟುವುದು ಕಡಿಮೆ. ರೌಟರ್ ಗಲ್ಲಾದ ಹತ್ತಿರವೇ ಇರಲಿ.

3. 'ರೋಮಿಂಗ್ ಅಗ್ರೆಸಿವ್‌ನೆಸ್': ಎರಡು ರೌಟರ್ ಇದ್ದರೆ ಕಂಪ್ಯೂಟರ್ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಗಲ್ಲಾದ ಕಂಪ್ಯೂಟರ್ ಕೂತಲ್ಲೇ ಕೂರುವಂಥದ್ದು. ಇದನ್ನು ಅತಿ ಕಡಿಮೆಗೆ ಇಳಿಸಿ.

ಎಲ್ಲ ಅಡಾಪ್ಟರುಗಳಲ್ಲೂ ಈ ಮೂರೂ ಸಿಗಲಾರವು. ಬದಲಿಸುವ ಮೊದಲು ಹಳೆಯ ಆಯ್ಕೆಯನ್ನು ಬರೆದಿಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಅದೂ ರಾತ್ರಿ ಹೋಟೆಲ್ ಮುಚ್ಚಿದ ಮೇಲೆ. ಗಲ್ಲಾದವರೆಗೆ ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದೇ ಎಲ್ಲಕ್ಕಿಂತ ಲೇಸು.