ಪ್ರಣಾಳ ಶಿಶು: ಅಂಡಗಳು ಎಷ್ಟು ಬೇಕು?

ಸಂತಾನವಿಲ್ಲವೆಂದು ಸೊಸೆಯನ್ನು ದೂರುವ ಮುನ್ನ ಮಗನನ್ನೂ ಪರೀಕ್ಷೆಗೆ ಕಳುಹಿಸಿರಿ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಪತಿಯ ವೀರ್ಯ, ಪತ್ನಿಯ ಅಂಡ, ಅವಳದೇ ಗರ್ಭಾಶಯ; ಮೂರನೆಯವರ ಪಾಲಿಲ್ಲದಿದ್ದರೆ ಪ್ರಣಾಳ ಶಿಶು ಚಿಕಿತ್ಸೆ ಅನುಮತಾರ್ಹವೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 1986ರಲ್ಲಿ ತೀರ್ಮಾನಿಸಿತು. ಭ್ರೂಣಗಳು ಮಿಗದಂತೆ, ಅಗತ್ಯವಿರುವಷ್ಟೇ ಅಂಡಗಳನ್ನು ಫಲಗೊಳಿಸಬೇಕೆಂದು 1990ರಲ್ಲಿ ಹೇಳಿತು. ಈ ಎರಡನೆಯ ಮಾತು ನಮ್ಮವರಲ್ಲಿ ಅನೇಕರ ಕಿವಿಗೆ ಬಿದ್ದಿಲ್ಲ.

ದಿನವೂ ಚುಚ್ಚುಮದ್ದು ಕೊಟ್ಟು ಒಮ್ಮೆಲೇ ಹಲವು ಅಂಡಗಳನ್ನು ಬೆಳೆಸುವುದು ಸಾಮಾನ್ಯ ಕ್ರಮ. ಅದರಲ್ಲಿ ಅಂಡಾಶಯ ಊದಿಕೊಳ್ಳುವ ಅಪಾಯವೂ ಉಂಟು. ಔಷಧ ಕಡಿಮೆ ಮಾಡಿದರೆ ಅಂಡಗಳೂ ಕೆಲವೇ, ದೇಹಕ್ಕೆ ತ್ರಾಸವೂ ಕಡಿಮೆ. ಆದರೆ ಒಂದೇ ಸಲಕ್ಕೆ ಫಲಿಸುವ ಸಾಧ್ಯತೆಯೂ ತಗ್ಗಬಹುದು. 1978ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಮೊದಲ ಪ್ರಣಾಳ ಶಿಶು ಲೂಯಿಸ್ ಬ್ರೌನ್, ಸಹಜವಾಗಿ ಬಲಿತ ಒಂದೇ ಅಂಡದ ಕೂಸು. ಎಷ್ಟು ಅಂಡ ತೆಗೆಯುವಿರಿ, ಎಷ್ಟನ್ನು ಫಲಗೊಳಿಸುವಿರಿ ಎಂದು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ವೈದ್ಯರನ್ನು ಕೇಳಿರಿ.