ಕಂಪನಿ ಬಾಗಿಲು ಮುಚ್ಚುವ ಮುನ್ನ ನೌಕರರು ಮಾಡಿಕೊಳ್ಳಬೇಕಾದ ಕೆಲಸಗಳು

ನಷ್ಟದಲ್ಲಿರುವ ಕಂಪನಿಯೊಂದು ಮುಚ್ಚುವ ಹಂತಕ್ಕೆ ಬಂದಾಗ ನೌಕರರಿಗೆ ಸಲ್ಲಬೇಕಾದ ಹಣ ಕೈಸೇರುವುದು, ಬಾಗಿಲಿಗೆ ಬೀಗ ಬಿದ್ದ ಮೇಲಿನ ಹೋರಾಟಕ್ಕಿಂತ ಹೆಚ್ಚಾಗಿ, ಅದಕ್ಕೂ ಮುಂಚಿನ ಎರಡು ಮೂರು ತಿಂಗಳಲ್ಲಿ ಅವರು ಕೂಡಿಟ್ಟುಕೊಂಡ ಕಾಗದಪತ್ರಗಳನ್ನೂ ತಪ್ಪದೆ ಪಾಲಿಸಿದ ಗಡುವುಗಳನ್ನೂ ಅವಲಂಬಿಸಿರುತ್ತದೆ. ಬಿಟಿಎಂ ಲೇಔಟ್ ಮತ್ತು ಜೆ.ಪಿ. ನಗರದ ಸ್ಟಾರ್ಟ್‌ಅಪ್‌ಗಳಲ್ಲಿ, ಜಯನಗರ ಮತ್ತು ಬನಶಂಕರಿಯ ಸಣ್ಣ ಕಚೇರಿಗಳಲ್ಲಿ, ಪಕ್ಕದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರ ಸಂಬಳದ ಮಟ್ಟ ಬೇರೆಬೇರೆಯಾದರೂ ಈ ವಿಷಯದಲ್ಲಿ ಅವರೆಲ್ಲರ ಸ್ಥಿತಿ ಒಂದೇ.

ಬೆಂಗಳೂರಿನ ಅನುಭವವೇ ಇದಕ್ಕೆ ಸಾಕ್ಷಿ. ಸರ್ಕಾರಿ ಸ್ವಾಮ್ಯದ ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದಾಗ, 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ ಪರಿಹಾರ ನೀಡುವ ನಿರ್ಧಾರವೂ ಅದರ ಜೊತೆಗೇ ಬಂದಿತು. ಖಾಸಗಿ ಸಂಸ್ಥೆಯ ನೌಕರರ ಬೆನ್ನಿಗೆ ಅಂತಹ ಬೊಕ್ಕಸವಿರುವುದಿಲ್ಲ. ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಕಂಪನಿಯನ್ನು ಸಮಾಪನಗೊಳಿಸಲು, ಅಂದರೆ ಅದರ ಆಸ್ತಿ ಮಾರಿ ಸಾಲ ತೀರಿಸಿ ವ್ಯವಹಾರ ಮುಗಿಸಲು, ಕರ್ನಾಟಕ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ಹಾರಾಟ ನಿಂತದ್ದಕ್ಕೂ ಆ ಆದೇಶಕ್ಕೂ ನಡುವೆ ನಾಲ್ಕು ವರ್ಷಗಳು ಕಳೆದಿದ್ದವು. ಬನ್ನೇರುಘಟ್ಟ ರಸ್ತೆಯಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಬೈಜೂಸ್‌ನ ಮಾತೃಸಂಸ್ಥೆ ಥಿಂಕ್ ಅಂಡ್ ಲರ್ನ್ ವಿರುದ್ಧ ಬಿಸಿಸಿಐ ಸಲ್ಲಿಸಿದ ಸುಮಾರು 158.9 ಕೋಟಿ ರೂಪಾಯಿ ಬಾಕಿಯ ಅರ್ಜಿಯನ್ನು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಜುಲೈ 16ರಂದು ಅಂಗೀಕರಿಸಿತು. ಆಗಸ್ಟ್ 2ರಂದು ಮೇಲ್ಮನವಿ ನ್ಯಾಯಮಂಡಳಿ ರಾಜಿಯನ್ನು ಒಪ್ಪಿ ಆ ಪ್ರಕ್ರಿಯೆಯನ್ನು ಕೈಬಿಟ್ಟಿತು. ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟ್ ಆ ರಾಜಿ ಆದೇಶವನ್ನೇ ರದ್ದುಪಡಿಸಿತು. ಹೀಗೆ ಸುಮಾರು ಮೂರು ತಿಂಗಳಲ್ಲಿ ದಿವಾಳಿ ಪ್ರಕ್ರಿಯೆ ತೆರೆದು, ಮುಚ್ಚಿ, ಮತ್ತೆ ತೆರೆಯುವಾಗ, ತನ್ನ ಬಾಕಿಯ ದಾಖಲೆ ಸಿದ್ಧವಾಗಿಟ್ಟುಕೊಳ್ಳದ ನೌಕರ ಯಾವ ಬಾಗಿಲು ತಟ್ಟಬೇಕೆಂಬುದೇ ತಿಳಿಯದೆ ಉಳಿಯುತ್ತಾನೆ.

ಮೊದಲ ಹೆಜ್ಜೆ: ಪಾಸ್‌ಬುಕ್ ನೋಡುವುದು

ಸಂಬಳ ತಡವಾಗುವುದಕ್ಕೂ ಮುಂಚೆ ಕಾಣಿಸುವ ಲಕ್ಷಣವೆಂದರೆ ಭವಿಷ್ಯನಿಧಿ, ಅಂದರೆ ಪಿಎಫ್, ಜಮೆಯಾಗದಿರುವುದು. 15,000 ರೂಪಾಯಿ ಮಿತಿಯ ಮೇಲೆ ಪಿಎಫ್ ಕಟ್ಟುವ ಸಂಸ್ಥೆಯಲ್ಲಿ ನೌಕರನ ಸಂಬಳದಿಂದ ಶೇ 12ರಂತೆ 1,800 ರೂಪಾಯಿ ಕಡಿತವಾಗುತ್ತದೆ. ಕಂಪನಿಯೂ ಅಷ್ಟೇ ಮೊತ್ತ ಸೇರಿಸಿ, ಅದರಲ್ಲಿ 1,250 ರೂಪಾಯಿಯನ್ನು ಪಿಂಚಣಿ ಖಾತೆಗೂ ಉಳಿದ 550 ರೂಪಾಯಿಯನ್ನು ಪಿಎಫ್ ಖಾತೆಗೂ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕಟ್ಟಬೇಕು. ಪೇ-ಸ್ಲಿಪ್‌ನಲ್ಲಿ 1,800 ಕಡಿತವೆಂದು ಅಚ್ಚಾಗಿದ್ದು, ಪಾಸ್‌ಬುಕ್‌ನಲ್ಲಿ ಆ ತಿಂಗಳ ಸಾಲೇ ಇಲ್ಲದಿದ್ದರೆ, ನೌಕರನ ಹಣವನ್ನು ಕಂಪನಿ ತನ್ನ ಖರ್ಚಿಗೆ ಬಳಸಿಕೊಳ್ಳುತ್ತಿರುವ ಸಾಧ್ಯತೆ ಇದೆ ಎಂದರ್ಥ. ಕಡಿತ ಮಾಡಿ ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ಪರಿಗಣಿಸುತ್ತದೆ. ಎರಡು ತಿಂಗಳ ಸಾಲು ಖಾಲಿ ಕಂಡ ಕೂಡಲೇ ಪಿಎಫ್ ಇಲಾಖೆಯ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ಪೇ-ಸ್ಲಿಪ್ ಲಗತ್ತಿಸಿ ದೂರು ದಾಖಲಿಸುವುದು ಒಳ್ಳೆಯದು. ಆದಾಯ ತೆರಿಗೆಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ: ಸಂಬಳದಿಂದ ಹಿಡಿದ ಟಿಡಿಎಸ್ ಇಲಾಖೆಯ ಪೋರ್ಟಲ್‌ನ ಫಾರ್ಮ್ 26ಎಎಸ್‌ನಲ್ಲಿ ಕಾಣಬೇಕು. ಕಾಣದಿದ್ದರೆ ಹಿಡಿದದ್ದಕ್ಕೆ ಸಾಕ್ಷಿಯಾಗಿ ಉಳಿಯುವುದು ಪೇ-ಸ್ಲಿಪ್ ಮಾತ್ರ.

2016ರ ಏಪ್ರಿಲ್‌ನಲ್ಲಿ, ಕಂಪನಿ ಕಟ್ಟಿದ ಪಾಲಿನ ಪಿಎಫ್ ಹಣವನ್ನು ನಿವೃತ್ತಿಯವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಬೊಮ್ಮನಹಳ್ಳಿ ಮತ್ತು ಹೊಸೂರು ರಸ್ತೆಯ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಕೆಲಸ ಹೋದಾಗ ಆ ಹೆಣ್ಣುಮಕ್ಕಳ ಮನೆಗಿರುವ ಒಂದೇ ಗಂಟು ಅದು ಎಂಬುದನ್ನು ನಿಯಮ ಮಾಡಿದವರು ಅರಿಯದೆ ಹೋದದ್ದು ನಿಜಕ್ಕೂ ನೋವಿನ ಸಂಗತಿ.

ಎರಡನೆಯ ಹೆಜ್ಜೆ: ಕಾಗದಗಳನ್ನು ಕಚೇರಿಯಿಂದ ಹೊರತರುವುದು

ಕಂಪನಿ ಕುಸಿದಾಗ ಮೊದಲು ನಿಲ್ಲುವುದು ನೌಕರರ ಇ-ಮೇಲ್ ಮತ್ತು ಎಚ್‌ಆರ್ ಪೋರ್ಟಲ್‌ನ ಲಾಗಿನ್. ನೇಮಕಾತಿ ಪತ್ರ, ಸಂಬಳ ಪರಿಷ್ಕರಣೆಯ ಪತ್ರಗಳು, ಎಲ್ಲ ತಿಂಗಳ ಪೇ-ಸ್ಲಿಪ್, ಫಾರ್ಮ್ 16, ಉಳಿದ ರಜೆಯ ಲೆಕ್ಕ, ಹಾಜರಾತಿ, ಸಂಬಳ ತಡವಾಗುತ್ತದೆಂದು ಆಡಳಿತ ಕಳುಹಿಸಿದ ಸಂದೇಶಗಳು, ಇವನ್ನೆಲ್ಲ ಆಗಲೇ ಸ್ವಂತ ಇ-ಮೇಲ್‌ಗೆ ತಂದಿಟ್ಟುಕೊಳ್ಳಬೇಕು; ಆದರೆ ಗ್ರಾಹಕರ ಮಾಹಿತಿಯನ್ನಾಗಲಿ ಕಂಪನಿಯ ಗೋಪ್ಯ ಕಡತಗಳನ್ನಾಗಲಿ ಮುಟ್ಟಬಾರದು. ಪೋರ್ಟಲ್ ಇಲ್ಲದ ಕಾರ್ಖಾನೆಯಲ್ಲಿ ಗುರುತಿನ ಚೀಟಿ, ಇಎಸ್‌ಐ ಸಂಖ್ಯೆ ಮತ್ತು ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್‌ನ ಪುಟಗಳೇ ಸಾಕ್ಷಿ.

ಮೂರನೆಯ ಹೆಜ್ಜೆ: ರಾಜೀನಾಮೆಗೆ ಸಹಿ ಹಾಕದಿರುವುದು

ಇಡೀ ಲೇಖನದಲ್ಲಿ ಓದುಗರು ನೆನಪಿಡಬೇಕಾದ ಒಂದೇ ಅಂಶವೆಂದರೆ ಇದು. ಕಷ್ಟದಲ್ಲಿರುವ ಕಂಪನಿಗಳು ನೌಕರರನ್ನು ಒಬ್ಬೊಬ್ಬರನ್ನಾಗಿ ಕರೆದು, ‘ತೆಗೆದುಹಾಕಿದ ದಾಖಲೆಯಾದರೆ ಮುಂದಿನ ಕೆಲಸಕ್ಕೆ ತೊಂದರೆ’ ಎಂದು ಹೇಳಿ ಅಲ್ಲಿಯೇ ರಾಜೀನಾಮೆಯ ಇ-ಮೇಲ್ ಕಳುಹಿಸಲು ಒತ್ತಾಯಿಸುವುದುಂಟು. ರಾಜೀನಾಮೆ ಕೊಟ್ಟವರಿಗೆ ಸಿಬ್ಬಂದಿ ಕಡಿತದ ಪರಿಹಾರವಾಗಲಿ, ಮುಚ್ಚುವಿಕೆಯ ಪರಿಹಾರವಾಗಲಿ, ಮುಂದೆ ವಿವರಿಸುವ ನಿರುದ್ಯೋಗ ಭತ್ಯೆಯಾಗಲಿ ಕಾನೂನಿನ ಪ್ರಕಾರ ದೊರೆಯುವುದಿಲ್ಲ. ಯೋಚಿಸಲು ಸಮಯ ಬೇಕೆಂದು ಲಿಖಿತವಾಗಿ ಕೇಳುವುದು, ಒತ್ತಾಯಿಸಿದರೆ ಆ ಮಾತುಕತೆಯ ದಿನ, ಸಮಯ, ಎದುರಿಗಿದ್ದವರ ಹೆಸರುಗಳನ್ನು ಅಂದೇ ಎಚ್‌ಆರ್‌ಗೆ ಇ-ಮೇಲ್ ಮಾಡಿ ದಾಖಲಿಸುವುದು, ‘ಯಾವ ಬಾಕಿಯೂ ಇಲ್ಲ’ ಎಂಬ ಅಂತಿಮ ಲೆಕ್ಕದ ಕಾಗದಕ್ಕೆ ಸಹಿ ಹಾಕಲೇಬೇಕಾದರೆ ‘ಉಳಿದ ಹಕ್ಕುಗಳನ್ನು ಕಾಯ್ದಿರಿಸಿ ಸಹಿ ಮಾಡಿದೆ’ ಎಂದು ಕೈಬರಹದಲ್ಲಿ ಸೇರಿಸುವುದು, ಇವು ಮುಂದೆ ಅಧಿಕಾರಿಯ ಎದುರು ಬೆಲೆಯುಳ್ಳ ದಾಖಲೆಗಳಾಗುತ್ತವೆ.

ನಾಲ್ಕನೆಯ ಹೆಜ್ಜೆ: ಬರಬೇಕಾದ ಹಣದ ಲೆಕ್ಕ

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಹಳೆಯ ಹಲವು ಕಾಯ್ದೆಗಳ ಜಾಗದಲ್ಲಿ ನಿಂತಿವೆ. ವೇತನ ಸಂಹಿತೆಯಂತೆ, ಕೆಲಸದಿಂದ ತೆಗೆದಾಗ, ರಾಜೀನಾಮೆ ಕೊಟ್ಟಾಗ ಅಥವಾ ಸಂಸ್ಥೆ ಮುಚ್ಚಿದಾಗ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ವ್ಯವಸ್ಥಾಪಕ ಹುದ್ದೆಯವರಿಗೂ ಇದು ಅನ್ವಯಿಸುತ್ತದೆ. ಪರಿಹಾರದ ಮಾತು ಬೇರೆ. ಅದು ಸಿಗುವುದು ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಒಳಪಟ್ಟವರಿಗೆ. ದೈಹಿಕ, ತಾಂತ್ರಿಕ, ಗುಮಾಸ್ತಿಕೆಯ ಕೆಲಸ ಮಾಡುವವರು ಅದರೊಳಗೆ ಬರುತ್ತಾರೆ. ಆಡಳಿತ ನಡೆಸುವವರೂ, 18,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕರೂ ಬರುವುದಿಲ್ಲ. ಹುದ್ದೆಯ ಹೆಸರಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಹಕ್ಕು ತಪ್ಪುವುದಿಲ್ಲ, ಏಕೆಂದರೆ ನ್ಯಾಯಾಲಯಗಳು ನೋಡುವುದು ವಾಸ್ತವವಾಗಿ ಮಾಡಿದ ಕೆಲಸವನ್ನು.

ಕನಿಷ್ಠ ಒಂದು ವರ್ಷ ನಿರಂತರ ದುಡಿದ ಕಾರ್ಮಿಕನಿಗೆ, ಕಡಿತವಾದರೂ ಮುಚ್ಚಿದರೂ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಮತ್ತು ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ‘ನಷ್ಟವಾಯಿತು, ಕೈಯಲ್ಲಿ ಹಣವಿಲ್ಲ’ ಎಂಬುದು ಈ ಪರಿಹಾರವನ್ನು ಮೊಟಕುಗೊಳಿಸಲು ಸಾಕಾಗುವ ಕಾರಣವಲ್ಲವೆಂದು ಕಾನೂನೇ ಹೇಳುತ್ತದೆ. 50 ಅಥವಾ ಹೆಚ್ಚು ಕಾರ್ಮಿಕರಿದ್ದರೆ ಮುಚ್ಚುವ 60 ದಿನ ಮೊದಲು ಸರ್ಕಾರಕ್ಕೆ ನೋಟಿಸ್ ಕೊಡಬೇಕು. 300 ಅಥವಾ ಹೆಚ್ಚು ಕಾರ್ಮಿಕರ ಕಾರ್ಖಾನೆಯಾದರೆ ಪೂರ್ವಾನುಮತಿಯೇ ಬೇಕು. ಹಿಂದೆ ಆ ಮಿತಿ 100 ಆಗಿತ್ತು. ಅದನ್ನು ಏರಿಸಿದ್ದರಿಂದ ಮಧ್ಯಮ ಗಾತ್ರದ ಗಾರ್ಮೆಂಟ್ಸ್ ಘಟಕಗಳ ಸಾವಿರಾರು ಮಹಿಳೆಯರು ಒಂದು ರಕ್ಷಣೆ ಕಳೆದುಕೊಂಡರೆಂಬುದನ್ನು ಮರೆಮಾಚಬೇಕಾಗಿಲ್ಲ.

ಗ್ರಾಚ್ಯುಟಿ, ಅಂದರೆ ದೀರ್ಘ ಸೇವೆಗೆ ಸಲ್ಲುವ ಉಪದಾನ, ಐದು ವರ್ಷ ಪೂರೈಸಿದ ಕಾಯಂ ನೌಕರರೆಲ್ಲರಿಗೂ, ಅವಧಿ ಗುತ್ತಿಗೆಯವರಾದರೆ ಒಂದು ವರ್ಷಕ್ಕೂ ಸಿಗುತ್ತದೆ. ಕೊನೆಯ ವೇತನವನ್ನು 15ರಿಂದಲೂ ಸೇವಾವರ್ಷಗಳಿಂದಲೂ ಗುಣಿಸಿ 26ರಿಂದ ಭಾಗಿಸಬೇಕು. ಆರು ತಿಂಗಳು ಮೀರಿದ್ದರೆ ಪೂರ್ಣ ವರ್ಷ. 26,000 ರೂಪಾಯಿ ವೇತನದ ಮೇಲೆ ಏಳು ವರ್ಷ ಎಂಟು ತಿಂಗಳು ದುಡಿದವರಿಗೆ ಎಂಟು ವರ್ಷದ ಲೆಕ್ಕದಲ್ಲಿ 1,20,000 ರೂಪಾಯಿ ಬರಬೇಕು.

ಐದನೆಯ ಹೆಜ್ಜೆ: ಕಾರ್ಮಿಕ ಭವನ

ಡೇರಿ ವೃತ್ತದ ಬಳಿ ಬನ್ನೇರುಘಟ್ಟ ರಸ್ತೆಯ ಐಟಿಐ ಆವರಣದಲ್ಲಿರುವ ಕಾರ್ಮಿಕ ಭವನ ರಾಜ್ಯ ಕಾರ್ಮಿಕ ಇಲಾಖೆಯ ಕೇಂದ್ರ ಸ್ಥಾನ. ಬಿಟಿಎಂ ಅಥವಾ ಜಯನಗರದಿಂದ ಅಲ್ಲಿಗೆ ಹೋಗಲು ದೊಡ್ಡ ಪ್ರಯಾಣವೇನೂ ಬೇಕಿಲ್ಲ. ಬಾಕಿ ಸಂಬಳದ ಅರ್ಜಿಗೆ ಮೂರು ವರ್ಷಗಳ ಕಾಲಾವಕಾಶವಿದ್ದರೂ ತಡಮಾಡದೆ ಸಲ್ಲಿಸಬೇಕು. ಕೆಲಸದಿಂದ ತೆಗೆದದ್ದೇ ವಿವಾದವಾದರೆ ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು, 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ಕಾರ್ಮಿಕನು ನೇರವಾಗಿ ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬಹುದು. ಇದಕ್ಕೆ ಗಡುವು ಎರಡು ವರ್ಷ. ಒಬ್ಬೊಬ್ಬರೇ ಹೋಗುವುದಕ್ಕಿಂತ ಒಟ್ಟಾಗಿ ಹೋಗುವುದು ಮೇಲು. ಐಟಿ ವಲಯದವರಿಗೂ 2017ರಿಂದ ಕೆಐಟಿಯು ಎಂಬ ನೋಂದಾಯಿತ ಸಂಘವಿದೆ. ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಕೈಗಾರಿಕಾ ಕಾರ್ಮಿಕರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ.

ಆರನೆಯ ಹೆಜ್ಜೆ: ದಿವಾಳಿ ಪ್ರಕ್ರಿಯೆಯಲ್ಲಿ ಹಕ್ಕು ಮಂಡಿಸುವುದು

ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಅರ್ಜಿಯನ್ನು ಅಂಗೀಕರಿಸಿದ ದಿನದಿಂದ ಕಂಪನಿಯ ವಿರುದ್ಧದ ವಸೂಲಿ ಮೊಕದ್ದಮೆಗಳಿಗೆ ತಡೆ ಬೀಳುತ್ತದೆ; ಆಡಳಿತ ಮಂಡಳಿಯ ಅಧಿಕಾರ ಮಧ್ಯಂತರ ಪರಿಹಾರ ವೃತ್ತಿಪರ ಎಂಬ ಅಧಿಕಾರಿಯ ಕೈಸೇರುತ್ತದೆ. ಆತ ಒಂದು ಇಂಗ್ಲಿಷ್ ಮತ್ತು ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾನೆ. ಆತ ನೇಮಕವಾದ 14 ದಿನಗಳೊಳಗೆ ನೌಕರರು ‘ಫಾರ್ಮ್ ಡಿ’ಯಲ್ಲಿ, ಗುಂಪಾಗಿಯಾದರೆ ಪ್ರತಿನಿಧಿಯ ಮೂಲಕ ‘ಫಾರ್ಮ್ ಇ’ಯಲ್ಲಿ, ಬಾಕಿ ಸಂಬಳ, ರಜೆಯ ಹಣ, ಗ್ರಾಚ್ಯುಟಿ ಎಲ್ಲವನ್ನೂ ಪ್ರತ್ಯೇಕ ಮೊತ್ತವಾಗಿ ತೋರಿಸಿ ಸಲ್ಲಿಸಬೇಕು. ತಡವಾದವರಿಗೂ ಸ್ವಲ್ಪ ಕಾಲಾವಕಾಶವಿರುವುದರಿಂದ ಗಡುವು ಮೀರಿತೆಂದು ಕೈಚೆಲ್ಲಬಾರದು. ರಾಜಿಯ ಸುದ್ದಿ ನಂಬಿ ಅರ್ಜಿಯನ್ನು ತಡೆಹಿಡಿಯಲೂಬಾರದು.

ಕಂಪನಿ ಉಳಿಯದೆ ಸಮಾಪನಕ್ಕೆ ಹೋದರೆ ಆಸ್ತಿ ಮಾರಿದ ಹಣದಲ್ಲಿ ಮೊದಲು ಪ್ರಕ್ರಿಯೆಯ ವೆಚ್ಚ, ನಂತರ ಕಾರ್ಮಿಕರ 24 ತಿಂಗಳ ಬಾಕಿ, ಅದೂ ಅಡಮಾನ ಹಕ್ಕನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲಕ್ಕೆ ಸಮಾನವಾಗಿ, ಆಮೇಲೆ ಇತರ ನೌಕರರ 12 ತಿಂಗಳ ಸಂಬಳ ಸಲ್ಲುತ್ತದೆ. ಪಿಎಫ್, ಪಿಂಚಣಿ ಮತ್ತು ಗ್ರಾಚ್ಯುಟಿ ನಿಧಿಗಳು ಈ ಹಂಚಿಕೆಯ ಗಂಟಿನಿಂದ ಹೊರಗೇ ಉಳಿಯುತ್ತವೆ. ಪ್ರಕ್ರಿಯೆಯ ಅವಧಿಯ ಸಂಬಳ ಮೊದಲ ಸಾಲಿಗೆ ಸೇರಬೇಕಾದರೆ ಆ ಅವಧಿಯಲ್ಲಿ ನಿಜವಾಗಿ ಕೆಲಸ ಮಾಡಿರಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಹಾಜರಾತಿಯ ದಾಖಲೆ ಆಗಲೂ ಬೇಕು.

ಜರ್ಮನಿಯಲ್ಲಿ ದಿವಾಳಿಯಾದ ಕಂಪನಿಯ ನೌಕರರಿಗೆ ಕೊನೆಯ ಮೂರು ತಿಂಗಳ ಸಂಬಳವನ್ನು ಸಾರ್ವಜನಿಕ ನಿಧಿಯೇ ಕೊಡುತ್ತದೆ. ಬ್ರಿಟನ್ನಿನಲ್ಲೂ ರಾಷ್ಟ್ರೀಯ ವಿಮಾ ನಿಧಿಯಿಂದ ಅಂತಹ ಪಾವತಿಯಿದೆ. ಭಾರತದಲ್ಲಿ ಎಲ್ಲ ನೌಕರರಿಗೂ ಅನ್ವಯಿಸುವ ಇಂತಹ ವೇತನ ಖಾತರಿ ನಿಧಿ ಇಲ್ಲ. ಇಷ್ಟೊಂದು ಕಂಪನಿಗಳು ಹುಟ್ಟಿ ಅಳಿಯುವ ಬೆಂಗಳೂರಿಗೆ ಅದರ ಅಗತ್ಯ ಬೇರೆಲ್ಲ ಊರುಗಳಿಗಿಂತ ಹೆಚ್ಚು.

ಮನೆಯ ಕಡೆಯ ಕೆಲಸ

ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದೊಂದಿಗೇ ನಿಲ್ಲುವುದರಿಂದ, ಅದು ಚಾಲ್ತಿಯಲ್ಲಿರುವಾಗಲೇ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಲು ಕೇಳಬೇಕು. ವಯಸ್ಸಾದ ತಂದೆತಾಯಿಯರು ಅದರಲ್ಲಿ ಸೇರಿದ್ದರೆ ಇದು ಎಲ್ಲಕ್ಕಿಂತ ತುರ್ತು. ಗೃಹಸಾಲದ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು. 21,000 ರೂಪಾಯಿವರೆಗಿನ ಸಂಬಳದ ಇಎಸ್‌ಐ ಸದಸ್ಯರು ಸಂಸ್ಥೆ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡು, ನಿಗದಿತ ಅವಧಿಯ ವಂತಿಗೆ ಕಟ್ಟಿದ್ದರೆ, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯಡಿ ಮೊದಲ 12 ತಿಂಗಳು ವೇತನದ ಶೇ 50, ನಂತರದ 12 ತಿಂಗಳು ಶೇ 25 ನಿರುದ್ಯೋಗ ಭತ್ಯೆ ಪಡೆಯಬಹುದು. ಇದಕ್ಕೆ ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಹಾಕಬೇಕು. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಲು ಕಂಪನಿಯಲ್ಲಿ ಯಾರೂ ಉಳಿದಿಲ್ಲದಿದ್ದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಬಳಸಿ ಸದಸ್ಯರೇ ಅದನ್ನು ಪೋರ್ಟಲ್‌ನಲ್ಲಿ ತುಂಬಬಹುದು; ಆದ್ದರಿಂದ ಕಂಪನಿ ಕೊಟ್ಟ ಸಿಮ್ ಅಲ್ಲದೆ ಸ್ವಂತ ನಂಬರೇ ಆಧಾರ್‌ನಲ್ಲಿದೆಯೇ ಎಂದು ಈಗಲೇ ನೋಡಿಕೊಳ್ಳುವುದು ಉತ್ತಮ.