ಕೀಲೆಣ್ಣೆಯಲ್ಲಿ ಸೇರಿದ ನೀರು: ಬೇರ್ಪಡುವ ಗುಣದ ಪರೀಕ್ಷೆ

ಹೈಡ್ರಾಲಿಕ್ ಪ್ರೆಸ್ಸಿನ ಟ್ಯಾಂಕಿನಲ್ಲಿರುವ ಎಣ್ಣೆಯು ಹಾಲಿನಂತೆ ಬೆಳ್ಳಗಾಗಿ, ಯಂತ್ರ ನಿಲ್ಲಿಸಿದ ಮೇಲೂ ತಿಳಿಯಾಗದಿದ್ದರೆ ಅದರಲ್ಲಿ ನೀರು ಸೇರಿದೆಯೆಂದು ಶಂಕಿಸಬೇಕು. ಅಂತಹ ಎಣ್ಣೆಯನ್ನು ಒಡನೆಯೇ ಬದಲಾಯಿಸುವುದು ಅನಗತ್ಯ ವೆಚ್ಚವಾಗಬಹುದು. ಹಾಗೆಯೇ ಬಳಸುತ್ತ ಹೋದರೆ ಪಂಪು, ಬೇರಿಂಗುಗಳು ತುಕ್ಕು ಹಿಡಿದು ಸವೆಯುತ್ತವೆ. ಯಾವುದು ಸರಿಯೆಂದು ನಿರ್ಧರಿಸಲು ನೀರಿನಿಂದ ಬೇರ್ಪಡುವ ಎಣ್ಣೆಯ ಗುಣವನ್ನು ಅರಿಯುವುದು ಅವಶ್ಯಕ.

ನೀರು ಸೇರುವ ಬಗೆ

ಕೂಲರಿನ ಸೋರಿಕೆಯಿಂದ ನೀರು ಎಣ್ಣೆಗೆ ಸೇರುತ್ತದೆ. ಟ್ಯಾಂಕಿನೊಳಗಿನ ಗಾಳಿಯ ತೇವವೂ ರಾತ್ರಿ ತಣಿದು ಹನಿಗಟ್ಟುತ್ತದೆ. ಪಂಪಿನ ಕಲಕುವಿಕೆಯಿಂದ ಈ ನೀರು ಸೂಕ್ಷ್ಮ ಹನಿಗಳಾಗಿ ಒಡೆದು ಎಮಲ್ಷನ್ ಆಗುತ್ತದೆ. ನೀರು ಎಣ್ಣೆಗಿಂತ ಭಾರವಾದುದರಿಂದ ಹನಿಗಳು ಒಂದುಗೂಡಿದರೆ ತಳಕ್ಕಿಳಿಯುತ್ತವೆ. ಹನಿಯ ವ್ಯಾಸ ಇಮ್ಮಡಿಯಾದರೆ ಇಳಿಯುವ ವೇಗ ಸುಮಾರು ನಾಲ್ಮಡಿಯಾಗುತ್ತದೆ.

ಒಂದುಗೂಡುವಿಕೆಗೆ ಅಡ್ಡಿಯಾಗುವುದು ಸಾಬೂನಿನಂತಹ ಪದಾರ್ಥಗಳು. ನೀರಿನಲ್ಲಿ ಬೆರೆಯುವ ಕಟಿಂಗ್ ಆಯಿಲಿನಲ್ಲಿ ಇವು ಉದ್ದೇಶಪೂರ್ವಕವಾಗಿಯೇ ಇರುತ್ತವೆ. ಇಂಜಿನ್ ಆಯಿಲಿನಲ್ಲಿಯೂ ಡಿಟರ್ಜೆಂಟ್ ಇರುತ್ತದೆ. ಆದ್ದರಿಂದ ಹೈಡ್ರಾಲಿಕ್ ಎಣ್ಣೆ ಕಡಿಮೆಯಾದಾಗ ಕೈಗೆ ಸಿಕ್ಕಿದ ಇಂಜಿನ್ ಆಯಿಲನ್ನು ಸುರಿಯುವುದು, ಟ್ಯಾಂಕನ್ನು ಸೋಪಿನ ಪುಡಿಯಿಂದ ತೊಳೆಯುವುದು ಸಲ್ಲದು.

ಪರೀಕ್ಷಾ ವಿಧಾನ

ಪ್ರಯೋಗಾಲಯಗಳು ಎ.ಎಸ್.ಟಿ.ಎಂ. ಡಿ 1401 ವಿಧಾನವನ್ನು ಅನುಸರಿಸುತ್ತವೆ. ಹೈಡ್ರಾಲಿಕ್ ಎಣ್ಣೆಗಳಿಗೆ ಸಾಮಾನ್ಯವಾಗಿ 40 ಮಿ.ಲೀ. ಎಣ್ಣೆ ಮತ್ತು 40 ಮಿ.ಲೀ. ಭಟ್ಟಿ ಇಳಿಸಿದ ನೀರನ್ನು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಮಿಷಕ್ಕೆ 1500 ಸುತ್ತಿನಂತೆ 5 ನಿಮಿಷ ಕಲಕಿ, ಬೇರ್ಪಡಲು ಹಿಡಿಯುವ ಸಮಯವನ್ನು ಅಳೆಯುತ್ತಾರೆ. ವರದಿಯಲ್ಲಿ 40-40-0 ಎಂದಿದ್ದರೆ ಎಣ್ಣೆ, ನೀರು ಪೂರ್ಣವಾಗಿ ಬೇರ್ಪಟ್ಟು ಎಮಲ್ಷನ್ ಉಳಿದಿಲ್ಲವೆಂದು ಅರ್ಥ.

ಕಾರ್ಖಾನೆಯಲ್ಲಿಯೂ ಸ್ಥೂಲ ಪರೀಕ್ಷೆ ಸಾಧ್ಯ. ಎರಡು ಗಾಜಿನ ಸೀಸೆಗಳಲ್ಲಿ ಸಮಪ್ರಮಾಣದ ನೀರಿನೊಡನೆ, ಒಂದಕ್ಕೆ ಅದೇ ದರ್ಜೆಯ ಹೊಸ ಎಣ್ಣೆ, ಇನ್ನೊಂದಕ್ಕೆ ಟ್ಯಾಂಕಿನ ಎಣ್ಣೆ ಹಾಕಿ, ಸಮನಾಗಿ ಕುಲುಕಿ, ಬೆಚ್ಚನೆಯ ಸ್ಥಳದಲ್ಲಿಡಿ. ಹೊಸ ಎಣ್ಣೆ ತಿಳಿಯಾದ ಬಹಳ ಹೊತ್ತಿನ ನಂತರವೂ ಹಳೆಯದು ಬೆಳ್ಳಗೇ ಉಳಿದರೆ ಅದು ಬೇರ್ಪಡುವ ಗುಣವನ್ನು ಕಳೆದುಕೊಂಡಿದೆ.

ಕೈಗೊಳ್ಳಬೇಕಾದ ಕ್ರಮ

ಎಣ್ಣೆ ಚೆನ್ನಾಗಿ ಬೇರ್ಪಡುವುದಾದರೆ, ವಾರದ ರಜೆಯ ಮರುದಿನ ಯಂತ್ರ ಚಾಲೂ ಮಾಡುವ ಮುನ್ನ ಡ್ರೇನ್ ಪ್ಲಗ್ ಮೂಲಕ ತಳದ ನೀರನ್ನು ತೆಗೆದು, ಸೋರಿಕೆಯನ್ನು ಸರಿಪಡಿಸಿದರೆ ಸಾಕಾಗಬಹುದು. ಬೇರ್ಪಡದಿದ್ದರೆ ಎಣ್ಣೆಯನ್ನು ಪೂರ್ಣವಾಗಿ ತೆಗೆದು, ಟ್ಯಾಂಕನ್ನು ಒರೆಸಿ ಒಣಗಿಸಿ, ಬಳಿಕ ಹೊಸದನ್ನು ತುಂಬಬೇಕು. ಹಳೆಯದರ ಮೇಲೆ ಹೊಸದನ್ನು ಸುರಿದರೆ ಹೊಸದೂ ಕೆಡುತ್ತದೆ. ಬಳಸಿದ ಎಣ್ಣೆಯನ್ನು ಚರಂಡಿಗೆ ಬಿಡದೆ ಅಧಿಕೃತ ಮರುಸಂಸ್ಕರಣಕಾರರಿಗೆ ಒಪ್ಪಿಸತಕ್ಕದ್ದು.